ನೀಲಿ ಹೊದಿಕೆಯ ಕೆಳಗೆ ನಿಮ್ಮ ಕಾರು

ಬಾನೆಟ್ಟಿಗಿಂತ ಮೊದಲು ಬುಡ ನೋಡು ಎಂದು ಕಲಿಸಿದ ಭಾವನಿಗೆ, ನಿಮ್ಮ ಪ್ರಾಸಪ್ಪನ ನಮಸ್ಕಾರ.

ನೀವು ಹೋದಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಇದ್ದಾಗಲೂ ಬರೆದಿರಲಿಲ್ಲ. ಒಂದೇ ಕಾರಿನ ಕೆಳಗೆ ಅಕ್ಕಪಕ್ಕ ಮಲಗುವವರು ಕಾಗದ ಬರೆದುಕೊಳ್ಳುವುದಿಲ್ಲ. ನಿಮ್ಮ ಈಗಿನ ವಿಳಾಸ ನನಗೆ ಗೊತ್ತಿಲ್ಲ, ಅಂಚೆಯವನಿಗೂ ಗೊತ್ತಿರಲಾರದು. ಆದರೂ ಬರೆಯದೆ ವಿಧಿಯಿಲ್ಲ. ಗಾಡಿ ನೋಡಿದ ಮೇಲೆ ಅದರ ಯಜಮಾನನಿಗೆ ತೀರ್ಪು ಹೇಳಲೇಬೇಕು ಅನ್ನುವುದು ನಿಮ್ಮದೇ ನಿಯಮ. ನಿನ್ನೆ ನಾನು ನಿಮ್ಮ ಹಸಿರು ಕಾರನ್ನು ನೋಡಿ ಬಂದೆ.

ಅಕ್ಕನೇ ಕರೆಸಿದ್ದಳು. ನೀವಿಬ್ಬರೂ ಇಷ್ಟು ವರ್ಷ ಇದ್ದ ಬಾಡಿಗೆ ಮನೆಯನ್ನು ಕೆಡವುತ್ತಾರಂತೆ. ಮಗಳು ತನ್ನ ಮನೆಗೆ ಬಾ ಎಂದು ಕರೆದಿದ್ದಾಳೆ. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸಾಮಾನು ಲಾರಿಲಿ ಹೋಗ್ಲಿ ಕಣೋ. ನಾನು ಮಾತ್ರ ಅವರ ಕಾರಲ್ಲೇ ಹೋಗೋದು. ನೀನು ಬಂದು ಏನೇನು ಆಗ್ಬೇಕೋ ನೋಡ್ಕೊಂಡು ರೆಡಿ ಮಾಡು." ಅದು ಓಡುತ್ತದೆಯೇ ಎಂದು ಅವಳು ಕೇಳಲೇ ಇಲ್ಲ. ಮನೆಯಿಂದ ಆಚೆ ಹೋಗಲು ಅವಳು ಮನಸ್ಸಿನಲ್ಲಿ ಆಗಲೇ ಅದರ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ದಾರಿಯುದ್ದಕ್ಕೂ ನಿಮ್ಮದೇ ನೆನಪು. ಕನ್ನಡದಲ್ಲಿ ಪದವಿ ಪಡೆದು, ಪದವಿಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾಗ ನೀವು ಕೈಗೆ ಒಂದು ಗ್ರೀಸ್ ಡಬ್ಬಿ ಕೊಟ್ಟಿರಿ. "ಕನ್ನಡ ಓದಿದ್ದು ಒಳ್ಳೇದೇ ಆಯ್ತು ಬಿಡು. ಹಳೇ ಕಾರುಗಳಿಗೂ ಇಂಗ್ಲಿಷ್ ಮರ್ತು ಹೋಗಿರತ್ತೆ, ಬರೀ ಕಿರ್ರೋ ಅಂತವೆ," ಎಂದಿರಿ. ಅಂದು ಹಿಡಿದ ಡಬ್ಬಿಯನ್ನು ವಯಸ್ಸು ನಲವತ್ತೈದು ದಾಟಿದರೂ ಕೆಳಗಿಟ್ಟಿಲ್ಲ. ಮಾತಿಗೊಂದು ಪ್ರಾಸ ಜೋಡಿಸುವ ನನ್ನ ಕೆಟ್ಟ ಚಾಳಿಗೆ ನೀವಿಟ್ಟ ಹೆಸರನ್ನೂ ಬಿಟ್ಟಿಲ್ಲ.

ಭಾನುವಾರಗಳಲ್ಲಿ ನಾವು ತಿರುಗಿದ್ದೇ ತಿರುಗಿದ್ದು. ಬಾಗಿಲು ಹಾಕಿದ ಗಿರಣಿಗಳ ಹಿಂದೆ, ವ್ಯಾಜ್ಯದಲ್ಲಿರುವ ಬಂಗಲೆಗಳ ಕಾಂಪೌಂಡಿನೊಳಗೆ, ಯಾರದೋ ಅಜ್ಜ ನಿಲ್ಲಿಸಿ ಮರೆತ ಶೆಡ್ಡುಗಳಲ್ಲಿ. ಬಳ್ಳಿ ಹಬ್ಬಿದ ದಿಬ್ಬಕ್ಕೆ ಎರಡು ಗಾಜಿನ ಕಣ್ಣಿದ್ದರೆ ಅದು ದಿಬ್ಬವಲ್ಲ ಎಂದು ಕಲಿತದ್ದು ನಿಮ್ಮಿಂದಲೇ. ಒಮ್ಮೆ ಒಂದು ಕಾರಿನ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆಯ ಮೇಲೆ ಕೂತಿತ್ತು. ನೀವು ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿ, "ಒಳಗೆ ಬಾಣಂತಿ ಇದಾಳೆ, ಮರಿ ಹೊರಗೆ ಬಂದ ಮೇಲೆ ಬರೋಣ" ಎಂದು ವಾಪಸು ಕರೆದುಕೊಂಡು ಬಂದಿರಿ. ಮಾರುವವನು ನಮ್ಮಿಬ್ಬರನ್ನೂ ಹುಚ್ಚರೆಂದುಕೊಂಡ. ಅವನ ಅಂದಾಜು ಪೂರ್ತಿ ತಪ್ಪೇನಲ್ಲ.

ನಿಮ್ಮ ಕ್ರಮ ನನಗೆ ಬಾಯಿಪಾಠ. ಬಣ್ಣ ನೋಡಬಾರದು. ಮೊದಲು ನೆಲಕ್ಕೆ ಮಂಡಿಯೂರಬೇಕು. ಬಾಗಿಲ ಕೆಳಗಿನ ಪಟ್ಟಿಯನ್ನೂ ಅದರ ಒಳಗಿನ ಚಾಸಿಯೆಂಬ ಬೆನ್ನೆಲುಬನ್ನೂ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಬೇಕು. ಟಣ್ ಅಂದರೆ ಜೀವ ಇದೆ, ತಪ್ ಅಂದರೆ ತಣ್ಣಗಾಗಿದೆ. ಆಮೇಲೆ ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಬೇಕು. ಕಚ್ಚಿಕೊಂಡಲ್ಲಿ ತಗಡು, ಜಾರಿದಲ್ಲಿ ಪುಟ್ಟಿ ಮೆತ್ತಿದ ಮೋಸ. ಬಾನೆಟ್ ಎತ್ತುವುದು ಕಟ್ಟಕಡೆಗೆ. "ಎಂಜಿನ್ ನೋಡಿದ್ರೆ ಆಸೆ ಹುಟ್ಟತ್ತೆ. ಆಸೆ ಹುಟ್ಟಿದ ಮೇಲೆ ತುಕ್ಕು ಕಾಣಲ್ಲ," ಎನ್ನುತ್ತಿದ್ದಿರಿ. ಎಂಜಿನ್ ಹೋದರೆ ಇನ್ನೊಂದು ಹುಡುಕಬಹುದು, ಬೆನ್ನೆಲುಬು ಹೋದರೆ ಏನು ಮಾಡುತ್ತೀ ಎಂದು ಕೇಳುತ್ತಿದ್ದಿರಿ. ಎಲ್ಲ ಮುಗಿದ ಮೇಲೆ ಕಾರಿನ ನೆತ್ತಿಯ ಮೇಲೆ ಕೈಯಿಟ್ಟು, ಯಜಮಾನನ ಮುಖ ನೋಡಿ, ಒಂದೇ ಮಾತು: "ಉಳಿಯತ್ತೆ" ಇಲ್ಲವೇ "ಇಲ್ಲ". ಮೂರನೆಯ ಮಾತಿಗೆ ನಿಮ್ಮಲ್ಲಿ ಜಾಗವಿರಲಿಲ್ಲ. "ನೋಡೋಣ" ಎಂದು ನಾನೊಮ್ಮೆ ಬಾಯಿಬಿಟ್ಟಿದ್ದಕ್ಕೆ, "ನೋಡೋಣ ಅನ್ನೋನು ಎಲೆಕ್ಷನ್‌ಗೆ ನಿಲ್ಲಲಿ, ಗಾಡಿ ಮುಂದೆ ನಿಲ್ಲೋದು ಬೇಡ" ಎಂದು ಊಟದ ಹೊತ್ತಿನಲ್ಲಿ ಅಕ್ಕನ ಮುಂದೆಯೂ ಆಡಿಕೊಂಡು ನಕ್ಕಿರಿ.

ಉಳಿಯದ ಗಾಡಿಗಳಿಗೆ ನಾನು ಎರಡು ಸಾಲು ಕಟ್ಟುತ್ತಿದ್ದೆ. "ಮೇಲೆ ಮಿನುಗುವ ಬೆಡಗು, ಕೆಳಗೆ ಮುಳುಗಿದ ಹಡಗು." "ಹಗಲಿರುಳೂ ಓಡಿದ ಕಾಲು, ಈಗ ಗೆದ್ದಲಿಗೆ ಅರ್ಧ ಪಾಲು." ನೀವು ಕೈ ಒರೆಸಿಕೊಳ್ಳುತ್ತ, "ಸಾಕು ಪ್ರಾಸಪ್ಪ, ಬೇಜಾರಾಗಿ ಅದು ಎದ್ದು ಕೂತ್ಕೊಂಡ್ಬಿಡತ್ತೆ" ಎನ್ನುತ್ತಿದ್ದಿರಿ. ಎದ್ದು ಕೂತರೆ ಒಳ್ಳೆಯದೇ ಆಗುತ್ತಿತ್ತಲ್ಲ ಭಾವ.

ಹಸಿರು ಕಾರು ಸಿಕ್ಕಿದ್ದು ಮುಚ್ಚಿದ ಛಾಪಖಾನೆಯೊಂದರ ಶೆಡ್ಡಿನಲ್ಲಿ. ಅದರ ಮೇಲೆ, ಕೆಳಗೆ, ಸುತ್ತ ರದ್ದಿ ಕಾಗದದ ಮೂಟೆಗಳು. ನಾನು ಮುಖ ಸಿಂಡರಿಸಿದೆ. ನೀವು ಕೆಳಗೆ ನುಗ್ಗಿ ಬಹಳ ಹೊತ್ತು ತಟ್ಟಿದಿರಿ. ಹೊರಬಂದಾಗ ಕಿವಿಯವರೆಗೂ ನಗು. ನೆಲದಿಂದ ಏಳುವ ತೇವವನ್ನೆಲ್ಲ ಆ ರದ್ದಿಯೇ ಕುಡಿದು, ಚಾಸಿಯನ್ನು ಒಣಗಿಸಿ ಇಟ್ಟಿತ್ತು. ನೆತ್ತಿಯ ಮೇಲೆ ಕೈಯಿಟ್ಟು ನೀವು ಉಳಿಯತ್ತೆ ಎಂದಾಗ, "ಯಾರೂ ಓದದ ಕಾಗದ, ಕಾರಿಗೆ ಕಟ್ಟಿತು ಕಾವಲಿನ ಕಾಯದ" ಎಂದು ನಾನು ಕೆಟ್ಟದೊಂದು ಪ್ರಾಸ ಹೊಸೆದೆ. ಅದಕ್ಕೂ ನಕ್ಕಿರಿ. ಅಷ್ಟು ಖುಷಿ ನಿಮಗೆ.

ಕೊಂಡ ಗಾಡಿಗಳನ್ನೆಲ್ಲ ಸರಿಮಾಡಿ ಮಾರುತ್ತಿದ್ದ ನೀವು ಅದೊಂದನ್ನು ಮಾರಲಿಲ್ಲ. ಕೆಟ್ಟ ಜಾಗಗಳನ್ನು ಕತ್ತರಿಸಿ ಹೊಸ ತಗಡು ಬೆಸೆದಿರಿ. ಸೀಟಿನ ಹೊದಿಕೆಯನ್ನು ಅಕ್ಕ ಕೈಯಲ್ಲೇ ಹೊಲಿದಳು. ಸೂಜಿ ಚುಚ್ಚಿಸಿಕೊಂಡಾಗಲೆಲ್ಲ ನಿಮಗೊಂದು ಬೈಗುಳ. "ನನಗಿಂತ ಜಾಸ್ತಿ ಅದನ್ನೇ ಮುಟ್ತೀರಿ" ಎನ್ನುತ್ತಿದ್ದಳು. ಮನೆಯ ಪಕ್ಕದ ಮಣ್ಣಂಗಳದಲ್ಲಿ ಅದಕ್ಕೆ ಹಳೆಯ ಹತ್ತಿಯ ದುಪ್ಪಟಿಗಳನ್ನು ಹೊದೆಸಿ, ಬಿಸಿಲು ಬಂದ ಬೆಳಿಗ್ಗೆಗಳಲ್ಲಿ ತೆಗೆದುಹಾಕುತ್ತಿದ್ದಿರಿ. ಬಟ್ಟೆ ನೆನೆದರೆ ಒಣಗುತ್ತದೆ, ಗಾಡಿಗೂ ಉಸಿರು ಬೇಕು ಎನ್ನುತ್ತಿದ್ದಿರಿ.

ಆಮೇಲೆ ಒಂದು ಮಧ್ಯಾಹ್ನ ಬೇರೆ ಯಾರದೋ ಎಂಜಿನ್ನಿನ ಮೇಲೆ ಬಗ್ಗಿದವರು ನೀವು ಮೇಲೆ ಏಳಲಿಲ್ಲ.

ನಿಮಗೆ ಗೊತ್ತಿಲ್ಲದ್ದು ಇಲ್ಲಿಂದ ಮುಂದಿನದು. ನೀವು ಹೋದ ಕೆಲವೇ ದಿನಗಳಲ್ಲಿ ಜೋರು ಗಾಳಿಗೆ ದುಪ್ಪಟಿಗಳು ಹಾರಿ ಕಾರು ಪೂರ್ತಿ ನೆನೆಯಿತು. ಅಕ್ಕ ಕೊಡೆಯೂ ಇಲ್ಲದೆ ಅಂಗಳದಲ್ಲಿ ನಿಂತು ಅತ್ತಳಂತೆ. ಮಾರನೆಯ ದಿನವೇ ಪೇಟೆಗೆ ಹೋಗಿ ಎಲ್ಲಕ್ಕಿಂತ ದಪ್ಪನೆಯ ನೀಲಿ ಪ್ಲಾಸ್ಟಿಕ್ ಟಾರ್ಪಾಲು ತಂದಳು. ನೆಲದವರೆಗೂ ಇಳಿಬಿಟ್ಟು, ಹಗ್ಗ ಬಿಗಿದು, ಅಂಚಿನುದ್ದಕ್ಕೂ ಇಟ್ಟಿಗೆ ಜೋಡಿಸಿದಳು. ಇರುವೆ ನುಗ್ಗುವಷ್ಟೂ ಸಂದು ಬಿಡಲಿಲ್ಲ. ಬೆಳಿಗ್ಗೆ ಮುಖ ತೊಳೆದು ಮೊದಲು ಮಾಡುವ ಕೆಲಸ ಗಂಟುಗಳನ್ನು ಮುಟ್ಟಿ ನೋಡುವುದು. ಸ್ವಲ್ಪ ತೆಗೆದು ಗಾಳಿಯಾಡಿಸೋಣವೇ ಎಂದು ಹೋದಾಗಲೆಲ್ಲ ಕೇಳಿದೆ. "ಮುಟ್ಬೇಡ. ಅವರು ನಿಲ್ಲಿಸಿದ ಹಾಗೇ ಇರ್ಲಿ," ಅನ್ನುವುದೇ ಉತ್ತರ. ಆ ದನಿಯ ಮುಂದೆ ನಿಮ್ಮ ಶಾಸ್ತ್ರ ಹೇಳಲು ಯಾರಿಗೆ ನಾಲಿಗೆ ಬರುತ್ತದೆ?

ನಿನ್ನೆ ಅವಳೇ ಇಟ್ಟಿಗೆ ತೆಗೆದಳು, ಅವಳೇ ಗಂಟು ಬಿಚ್ಚಿದಳು. ಇಸ್ತ್ರಿ ಮಾಡಿದ ಬಟ್ಟೆ, ಮುಷ್ಟಿಯಲ್ಲಿ ಕಾರಿನ ಕೀಲಿ. ಟಾರ್ಪಾಲು ಸರಿದಾಗ ನೆಲಮಾಳಿಗೆಯ ವಾಸನೆ ಬಂತು. ಅದರ ಒಳಮೈ ತುಂಬ ಹನಿಗಳು. ಆದರೆ ಕಾರು ಹೊಳೆಯುತ್ತಿತ್ತು ಭಾವ, ನಿಮ್ಮ ಆಣೆ. ಹಸಿರು ಬಣ್ಣದಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು. "ನೋಡ್ದ್ಯಾ? ನಿನ್ನೆ ನಿಲ್ಲಿಸಿದ ಹಾಗಿದೆ! ಒಂದು ಹನಿ ಮಳೆ ಬೀಳಕ್ಕೆ ಬಿಟ್ಟಿಲ್ಲ ನಾನು," ಎಂದಳು. ನಿಮ್ಮ ಕ್ರಮ ಮರೆತು ಮೊದಲು ಆಯಸ್ಕಾಂತ ಆಡಿಸಿದೆ; ಎಲ್ಲೂ ಜಾರಲಿಲ್ಲ. ಒಂದು ಕ್ಷಣ ನನಗೂ ಆಸೆ ಹುಟ್ಟಿತು. ಬಾನೆಟ್ ಎತ್ತುವ ಮೊದಲೇ ಹುಟ್ಟಿತು.

ಮಂಡಿಯೂರಿ ತಟ್ಟಿದೆ. ತಪ್. ಆಚೆ ಬದಿ ಹೋಗಿ ತಟ್ಟಿದೆ. ತಪ್. ಸ್ಕ್ರೂಡ್ರೈವರ್ ತಿರುಗಿಸಿ ಒತ್ತಿದರೆ ಒದ್ದೆ ರಟ್ಟಿನೊಳಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಬೆನ್ನ ಮೇಲೆ ಮಲಗಿ ಕೆಳಗೆ ಜರುಗಿದೆ. ಮಣ್ಣಿನ ತೇವ ವರ್ಷಗಟ್ಟಲೆ ಮೇಲೆದ್ದು, ಹೊರಗೆ ಹೋಗಲು ದಾರಿಯಿಲ್ಲದೆ, ಅದೇ ಹನಿಯಾಗಿ ಅದೇ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಚಾಸಿ ಪದರ ಪದರವಾಗಿ ನನ್ನ ಎದೆಯ ಮೇಲೆ ಉದುರಿತು. ಗಟ್ಟಿಯಾಗಿ ಉಳಿದದ್ದು ಒಂದೇ, ನಿಮ್ಮ ಬೆಸುಗೆಗಳು. ಸುತ್ತಲಿನ ತಗಡೆಲ್ಲ ಕರಗಿ ಹೋಗಿ, ಅವು ಮಾತ್ರ ಮುದಿಬಾಯಿಯ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು ನಿಂತಿದ್ದವು. ಇನ್ನು ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಆದರೂ ಅಲ್ಲೇ ಮಲಗಿದ್ದೆ. ಆಚೆಗೆ ಅಕ್ಕನ ಪಾದಗಳು ಕಾಣುತ್ತಿದ್ದವು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು.

ಹೊರಬಂದು ನೆತ್ತಿಯ ಮೇಲೆ ಕೈಯಿಡದೆ ಹೇಳಿದೆ: "ನೋಡೋಣ ಅಕ್ಕ."

ಅವಳು ನನ್ನನ್ನೇ ನೋಡಿದಳು. "ಎಲೆಕ್ಷನ್‌ಗೆ ನಿಂತಿದ್ದೀಯೇನೋ?"

ನಿಮ್ಮ ಹೆಂಡತಿಯಲ್ಲವೇ. ಕೈಯಿಟ್ಟು "ಇಲ್ಲ" ಎಂದೆ. ಯಾಕೆ ಎಂದು ಕೇಳಿದಳು. ಆಗ ಭಾವ, ನನ್ನ ಬಾಯಿಂದ ಬಂದದ್ದನ್ನು ನಿಮಗೆ ಹೇಳದೆ ಈ ಕಾಗದ ಮುಗಿಯದು. "ಭಾವ ಹಾಕಿದ ವೆಲ್ಡಿಂಗೇ ಸರಿಯಿರ್ಲಿಲ್ಲ ಅನ್ಸತ್ತೆ, ಅಲ್ಲಿಂದ ತುಕ್ಕು ಶುರುವಾಗಿದೆ," ಎಂದೆ. ಸತ್ತವರಿಗೆ ಬೇಜಾರಾಗುವುದಿಲ್ಲ, ಬದುಕಿರುವವಳು ಉಳಿದುಕೊಳ್ಳಲಿ ಅನ್ನುವ ಲೆಕ್ಕ. ಹಲ್ಲಿನಂತೆ ನಿಂತ ಆ ಬೆಸುಗೆಗಳನ್ನು ಈಗಷ್ಟೇ ಕೈಯಾರೆ ಮುಟ್ಟಿ ಬಂದವನು ನಾನು.

ಅಕ್ಕನ ಮುಖ ಗಟ್ಟಿಯಾಯಿತು. "ಅವರ ವೆಲ್ಡಿಂಗ್ ಬಿಡೋದಿಲ್ಲ. ನನ್ನ ಹತ್ರ ಅವರ ಕೆಲಸದ ಬಗ್ಗೆ ಹಾಗೆಲ್ಲ ಮಾತಾಡ್ಬೇಡ. ನಿಜ ಹೇಳು."

ನಾನು ಸ್ಕ್ರೂಡ್ರೈವರ್ ಒರೆಸುತ್ತ ನಿಂತೆ. ಅವಳು ನನ್ನ ಅಂಗಿಯ ಮೇಲಿನ ತುಕ್ಕನ್ನು ನೋಡಿದಳು. ಅದು ಒದ್ದೆಯಾಗಿತ್ತು. ಆಮೇಲೆ ನೆಲದ ಮೇಲೆ ಮಗುಚಿ ಬಿದ್ದ ಟಾರ್ಪಾಲಿನ ಕಡೆ ನೋಡಿದಳು. ಬಗ್ಗಿ ಅದರ ಒಳಮೈಗೆ ಅಂಗೈ ಒತ್ತಿದಳು. ಒದ್ದೆ ಅಂಗೈಯನ್ನು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

"ಅವರು ದುಪ್ಪಟಿ ಹಾಕ್ತಿದ್ರು," ಎಂದಳು. ಅಷ್ಟೇ.

ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವ ಕೆಲಸವಾದರೂ ನನಗೆ ಸಿಗುತ್ತಿತ್ತು. ಬಾಗಿಲು ತೆಗೆದಳು, ಅದು ಕೀಲಿನಿಂದ ಜೋತು ಕೆಳಗಿಳಿಯಿತು. ಅವಳೇ ಹೊಲಿದ ಸೀಟಿನ ಹೊದಿಕೆಯ ಮೇಲೆ ಬೂಷ್ಟು ಬೂದಿಯಂತೆ ಕೂತಿತ್ತು. ಅದನ್ನು ಕೈಯಿಂದ ಸವರಿ, ಕೂರಲು ಕಾಲೆತ್ತಿದಳು. "ಬೇಡ ಅಕ್ಕ, ನೆಲ ತಡೆಯಲ್ಲ," ಎಂದು ನಾನು ತೋಳು ಹಿಡಿಯಬೇಕಾಯಿತು. ಅದನ್ನೂ ನಾನೇ ಹೇಳಬೇಕಾಯಿತು ನೋಡಿ. ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಹೊಸ ಚಪ್ಪಲಿಗೆ ಕೆಸರಾಗಿತ್ತು.

ಚಾಸಿ ಬೇರೆ ಹಾಕಬಹುದಲ್ಲ ಎಂದು ನೀವು ಕೇಳುವುದಿಲ್ಲವೆಂದು ಬಲ್ಲೆ. ಕೂರಿಸಲು ಮೇಲಿನ ಮೈಯ ಒಳಬದಿಯೂ ಉಳಿದಿಲ್ಲ, ಇರುವುದು ಹೊರಗಿನ ತೆಳು ತಗಡು. ಬಣ್ಣವೇ ಅದನ್ನು ಹಿಡಿದುಕೊಂಡಿದೆ. ಮನೆ ಕೆಡವುವ ಮೊದಲು ಗುಜರಿಯವನು ಬಂದು ಒಯ್ಯುತ್ತಾನೆ. ಸ್ಟೀರಿಂಗನ್ನಾದರೂ ಬಿಚ್ಚಿ ಕೊಡಲೇ ಎಂದು ಕೇಳಿದೆ. "ಚೂರು ಚೂರು ತಗೊಂಡು ಏನ್ ಮಾಡ್ಲಿ," ಎಂದಳು. ಕೀಲಿಯನ್ನೂ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಬಿಟ್ಟಳು.

ಹೊರಡುವ ಹೊತ್ತಿಗೆ ಮೋಡ ಕಟ್ಟಿತು. ನಾನು ಸ್ಕೂಟರ್ ಹತ್ತುವಾಗ ಅಂಗಳದಲ್ಲಿ ಸರಸರ ಸದ್ದು. ತಿರುಗಿ ನೋಡಿದರೆ ಅಕ್ಕ ಒಬ್ಬಳೇ ಆ ನೀಲಿ ಟಾರ್ಪಾಲನ್ನು ಕಾರಿನ ಮೇಲೆ ಎಳೆಯುತ್ತಿದ್ದಳು. ಅದೇ ಟಾರ್ಪಾಲು, ಅದೇ ಹಗ್ಗ. ಓಡಿ ಹೋಗಿ, "ಅಕ್ಕ, ಇನ್ನು ಇದ್ಯಾಕೆ" ಎಂದೆ.

"ಇನ್ನು ಕೆಡೋದಕ್ಕೆ ಏನಿದೆ ಹೇಳು. ಗುಜರಿಯವನು ಬರೋವರೆಗಾದ್ರೂ ನೆನೀಬಾರ್ದು," ಎಂದಳು. "ಆ ಕಡೆ ಹಿಡ್ಕೊ."

ಆ ಕಡೆ ಹಿಡಿದುಕೊಂಡೆ. ನೆಲದವರೆಗೂ ಇಳಿಬಿಟ್ಟೆವು. ಅವಳ ಬದಿಯ ಗಂಟು ಅವಳು ಹಾಕಿದಳು, ನನ್ನ ಬದಿಯದು ನಾನು. ಕೆಟ್ಟ ಗಾಡಿ ಎಳೆದು ತರುವಾಗ ಹಾಕಲು ನೀವು ಕಲಿಸಿದ ಗಂಟು, ಎಳೆದಷ್ಟೂ ಬಿಗಿಯುವುದು. ಇಟ್ಟಿಗೆಗಳನ್ನೂ ಒಂದೊಂದಾಗಿ ಅವುಗಳ ಹಳೆಯ ಗುರುತಿನ ಮೇಲೇ ಇಟ್ಟೆ. ಮಳೆ ಶುರುವಾಯಿತು. ಪ್ಲಾಸ್ಟಿಕ್ಕಿನ ಮೇಲೆ ಬೀಳುವ ಹನಿಯ ಸದ್ದು ಕೇಳುತ್ತ ಇಬ್ಬರೂ ನೆನೆಯುತ್ತ ನಿಂತಿದ್ದೆವು. ಒಳಗೆ ಒಂದು ಹನಿಯೂ ಹೋಗಲಿಲ್ಲ.

ಎರಡು ಸಾಲು ಕಟ್ಟಲು ನೋಡಿದೆ ಭಾವ. ಇದಕ್ಕೆ ಪ್ರಾಸ ಸಿಗಲಿಲ್ಲ. ನಿಮ್ಮ ಬೆಸುಗೆಯ ಬಗ್ಗೆ ಆಡಿದ ಮಾತನ್ನು ನೀವು ಕೇಳಿಸಿಕೊಂಡಿದ್ದರೆ, ಬೇರೆಯವರ ಗಾಡಿಯ ಸದ್ದೆಂದುಕೊಂಡು ಮರೆತುಬಿಡಿ.

ನೀವಿರುವಲ್ಲಿ ನೆಲ ಒಣಗಿರಲಿ, ಗಾಳಿಯಾಡುತ್ತಿರಲಿ. ಯಾರಾದರೂ ಪ್ರೀತಿಯಿಂದ ಏನಾದರೂ ಹೊದೆಸಲು ಬಂದರೆ, ಅದು ಹತ್ತಿಯದಾಗಿರಲಿ.

ಇಂತಿ,
ಎರಡು ಸಾಲು ಬಾಕಿ ಉಳಿಸಿಕೊಂಡ
ನಿಮ್ಮ ಪ್ರಾಸಪ್ಪ