ಅರ್ಥ ನಿನ್ನದು, ಬಳಕೆ ನನ್ನದು

ನಾರಾಯಣಗೂಡ, ಹೈದರಾಬಾದ್
೧೮ ಏಪ್ರಿಲ್ ೨೦೨೪

ಚಿ. ಸೌ. ಶರ್ವರಿಗೆ ಅವ್ವನ ಆಶೀರ್ವಾದ.

ಅವತ್ತು ನೀನು ಅಪ್ಪನಿಗೆ ನೀರು ಯಾಕೆ ಕೊಡುವುದಿಲ್ಲ ಎಂದು ಕೇಳಿದಾಗ ಉತ್ತರ ಕೊಡದೆ ಫೋನ್ ಇಟ್ಟುಬಿಟ್ಟೆ, ಆಮೇಲೆ ನಿನ್ನ ಕರೆಯನ್ನೂ ಎತ್ತಲಿಲ್ಲ. ತಪ್ಪು ತಿಳಿಯಬೇಡ. ಮಾತಾಡಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮೊದಲಿನಂತೆಯೇ ನಡೆದಿದೆ.

ನೀನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. "ಅವ್ವಾ, ರಿಸ್ಟ್ರಿಕ್ಟ್ ಅಂದ್ರ ಮಿತಿಯೊಳಗ ಇಡೋದು, ಪೂರಾ ಬಂದ್ ಮಾಡೋದಲ್ಲ" ಎಂದು ನನಗೇ ಪಾಠ ಹೇಳಿದೆ. ಅರ್ಥ ಸರಿಯಾಗಿಯೇ ಹೇಳಿದೆ ತಾಯಿ. ಬಳಕೆ ಹೇಗೆಂದು ನಾನು ಹೇಳುತ್ತೇನೆ, ಕೇಳು.

ಡಾಕ್ಟರು "ಫ್ಲೂಯಿಡ್ ರಿಸ್ಟ್ರಿಕ್ಷನ್" ಎಂದು ಒಮ್ಮೆ ಹೇಳಿ ಮುಂದಿನ ಪೇಶಂಟಿನ ಕಡೆ ತಿರುಗಿದರು. ಅವರ ಬಾಯಲ್ಲಿ ಅದು ಘನವಾದ ಇಂಗ್ಲಿಷ್. ಮನೆಗೆ ಬಂದರೆ ಅದೇ ನನ್ನ ಬಾಯಲ್ಲಿ "ಬ್ಯಾಡರಿ" ಆಗುತ್ತದೆ. ಇಡೀ ದಿನಕ್ಕೆ ಒಂದು ಬಾಟಲಿ. ಚಹಾ, ಸಾರು, ಗುಳಿಗೆಯ ನೀರು ಎಲ್ಲ ಅದರೊಳಗೇ. ಈ ಬಿಸಿಲಿನಲ್ಲಿ ಅವರೆದುರು ಗಟಗಟ ಕುಡಿಯಲು ಮನಸ್ಸು ಬಾರದೆ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಕುಡಿಯುತ್ತೇನೆ. ಇದನ್ನು ನಿನಗೆ ಯಾರೂ ಫೋನ್ ಮಾಡಿ ಹೇಳಿರಲಿಕ್ಕಿಲ್ಲ.

ನಿಮ್ಮ ಸೋದರತ್ತೆ ಪ್ರಿಯಂವದಾ ಬೀದರಿನಿಂದ ತಮ್ಮನನ್ನು ನೋಡಲು ಬಂದರು. ಬಂದವರಿಗೆ ಮೊದಲು ನೀರು ಕೊಡುವ ಮನೆ ನಮ್ಮದು, ಕೊಟ್ಟೆ. ಅವರು ಕುಡಿಯುವಾಗ ಅಪ್ಪ ಆ ತಂಬಿಗೆಯನ್ನೇ ನೋಡುತ್ತಿದ್ದರು. ಅತ್ತೆಗೆ ಕಣ್ಣೀರು ಬಂತು, ನನ್ನ ಮೇಲೆ ಸಿಟ್ಟೂ ಬಂತು. ಕಟ್ಟಿಕೊಂಡ ಗಂಡನಿಗೆ ನೀರಿಗೂ ಗತಿಯಿಲ್ಲದಂತೆ ಮಾಡಿದ್ದೇನೆ ಎಂದರು. ಡಾಕ್ಟರ ಮಾತು ಹೇಳಿದೆ. "ಅವರು ನೀರು ಬ್ಯಾಡಂದಾರ. ಮಜ್ಜಿಗಿ ನೀರೇನು? ಅದು ತಂಪು" ಎಂದರು.

ಮರುದಿನ ನಾನು ಔಷಧಿ ತರಲು ಹೋದಾಗ ಅತ್ತೆ ಜೀರಿಗೆ, ಉಪ್ಪು ಹಾಕಿ ಮಜ್ಜಿಗೆ ಮಾಡಿ ಕುಡಿಸಿದರು, ಲೋಟದ ಮೇಲೆ ಲೋಟ. ಸಂಜೆ ಹೊತ್ತಿಗೆ ಅಪ್ಪನಿಗೆ ಉಸಿರು ಸಿಗಲಿಲ್ಲ, ಆಸ್ಪತ್ರೆಗೆ ಒಯ್ದೆವು. ಎದೆಯಲ್ಲಿ ನೀರು ತುಂಬಿತ್ತು. ಉಳಿದದ್ದೇ ಹೆಚ್ಚು. ಊರಿಗೆ ಮರಳಿದ ಅತ್ತೆ ನಿನಗೆ ಹೇಳಿದ್ದು "ಶಾಮಲಾ ನೀರು ಕೊಡೂದಿಲ್ಲ" ಎಂದಷ್ಟೇ. ನೀನೂ ನಂಬಿದೆ. ಹೊಟ್ಟೆ ಉರಿಯುತ್ತದೆ ಶರ್ವರಿ.

ರಜೆಗೆ ಬಾ. ನಿನ್ನ ಕೈಗೇ ಬಾಟಲಿ ಕೊಡುತ್ತೇನೆ. ಎರಡು ದಿನ ನೀನು "ಬ್ಯಾಡಪಾ" ಅನ್ನು, ಆಮೇಲೆ ನನಗೆ ಪಾಠ ಹೇಳುವೆಯಂತೆ. ಸಿಟ್ಟಿನಲ್ಲಿ ಬರೆದರೂ ಹರಕೆ ಹರಕೆಯೇ. ನಿನ್ನ ಮನೆ ತುಂಬಿರಲಿ, ನೀವಿಬ್ಬರೂ ಆರೋಗ್ಯವಾಗಿರಿ.

ನಿನ್ನ ಅವ್ವ,
ಶಾಮಲಾ

ತಾ.ಕ.: ಇಷ್ಟೆಲ್ಲ ಯಾರು ಕುಡಿಸಿದರು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಿಮ್ಮಪ್ಪ ಬೆರಳೆತ್ತಿ ನನ್ನನ್ನು ತೋರಿಸಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಎಲ್ಲರೆದುರು ನಾನು ಬೈಸಿಕೊಂಡೆ. ಮನೆಗೆ ಬಂದ ಮೇಲೆ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. "ಅಕ್ಕ ಬಾಯಿತುಂಬ ಕುಡಿಸ್ಯಾಳ. ಅಕಿ ಹೆಸರು ಹ್ಯಾಂಗ ಹೇಳ್ಲಿ?" ಎಂದರು. ನಾನು ಎದ್ದು ಅವರ ಬಾಟಲಿ ತುಂಬಿಸಲು ಹೋದೆ.