ಎರಡು ಲ್ಯಾಪ್‌ಟಾಪ್, ಒಂದು ಚೀಲ

ರೀ,

ನೀವು ಮೌಸ್ ತರಲು ಅಂಗಡಿಗೆ ಹೋದ ಮೇಲೆ ಪ್ರವಾಸದ ಚೀಲ ಎತ್ತಿದೆ. ತೋಳು ಕಿತ್ತು ಬಂದಂತಾಯಿತು. ತೆರೆದರೆ ಎರಡೂ ಲ್ಯಾಪ್‌ಟಾಪ್ ಒಳಗಿವೆ! ಅವಕ್ಕೆ ಜಾಗ ಮಾಡಲು ನೀವು ತೆಗೆದ ಮಗಳ ಈಜುಡುಗೆ, ನನ್ನ ಚಪ್ಪಲಿ ಮಂಚದ ಕೆಳಗೆ ಸಿಕ್ಕವು.

ಹದಿನೈದು ದಿನದಿಂದ ಒಂದೇ ಗೋಳು. ಅದು ಹಗುರ, ಇದರ ಸ್ಕ್ರೀನ್ ದೊಡ್ಡದು. ತೂಗಿ ನೋಡಲು ಅಡುಗೆಮನೆಯ ತಕ್ಕಡಿಯನ್ನೂ ಬಿಡಲಿಲ್ಲ. “ಯಾವ್ದು ತರ್ಲಿ?” ಎಂದು ತಲೆ ತಿಂದಿರಿ. “ಎರಡೂ ಬೇಡ” ಎಂದದ್ದು ಮಾತ್ರ ಕಿವಿಗೇ ಬೀಳಲಿಲ್ಲ.

ಹೋದ ವರ್ಷ ಸಮುದ್ರದೆದುರೇ ರೂಮು ಹಿಡಿದು, ಕಿಟಕಿ ಮುಚ್ಚಿ ಕೆಲಸಕ್ಕೆ ಕೂತಿರಿ. ಮಗಳು ಮರಳಿನ ಬಕೆಟ್ ಹಿಡಿದು “ಅಪ್ಪಾ, ಮುಗೀತಾ?” ಎಂದು ನಾಲ್ಕು ದಿನ ಬಾಗಿಲಲ್ಲೇ ನಿಂತಿದ್ದಳು. ಮರೆತಿಲ್ಲ ನಾನು.

ಈಗ ನಿಧಾನಕ್ಕೆ ಆರಿಸಿಕೊಳ್ಳಿ. ಎರಡನ್ನೂ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದೇನೆ. ಹಾಲು ಫ್ರಿಜ್‌ನಲ್ಲಿದೆ. ಗಿಡಗಳಿಗೆ ದಿನಾ ನೀರು ಹಾಕಿ, ಅವಕ್ಕೆ ಚಾರ್ಜರ್ ಸಾಲದು. ಫೋನ್ ಮಾಡಬೇಡಿ, ಕಾರು ಓಡಿಸುತ್ತಿರುತ್ತೇನೆ.

ಕಾರಿನಲ್ಲಿ ನಿಮ್ಮ ಜಾಗಕ್ಕೆ ನಿಮ್ಮಮ್ಮನನ್ನೇ ಕರೆದೆ. ಐದೇ ನಿಮಿಷದಲ್ಲಿ ಒಂದು ಕೈಚೀಲ ಹಿಡಿದು ಹೊರಟು ನಿಂತರು.

“ಅವನನ್ನೇನು ಕೇಳ್ತೀಯ, ನಡಿ” ಅಂದರು.