ಶಿವಲಿಂಗವ್ವನ ಉಡಿಗೆ ಬಿದ್ದ ಕಾಂಡ್ಲಾ ಸಸಿ

ಕರಾವಳಿ ಪುನಶ್ಚೇತನ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಾಂಡ್ಲಾ ಸಸಿಯನ್ನು ದಯವಿಟ್ಟು ವಾಪಸು ಒಯ್ಯಿರಿ. ಅದು ಖಾನಾಪುರದ ನಮ್ಮ ಓಣಿಯಲ್ಲಿ, ಶಿವಲಿಂಗವ್ವನ ಹಿತ್ತಲಲ್ಲಿದೆ. ಇಲ್ಲಿಗೆ ಸಮುದ್ರ ಬರುವ ಲಕ್ಷಣ ಸದ್ಯಕ್ಕಂತೂ ಕಾಣುತ್ತಿಲ್ಲ.

ಕಾರವಾರದ ಕಡೆಯ ಅಳಿವೆಗಳ ಉಪ್ಪುನೀರಲ್ಲಿ ಬೆಳೆಯುವ, ಮೀನು ಮರಿ ಮಾಡುವ ಕಾಂಡ್ಲಾ ಕಾಡನ್ನು ಮತ್ತೆ ಬೆಳೆಸಲು ‘ಜನರ ಸಹಭಾಗಿತ್ವ’ ಬೇಕೆಂದು ಸಭೆ ಕರೆದಿರಿ. ಎಲ್ಲಿ? ಬೆಳಗಾವಿಯ ಹವಾನಿಯಂತ್ರಿತ ಸಭಾಂಗಣದಲ್ಲಿ! ಮೀನುಗಾರರು ಕಸುಬು ಬಿಟ್ಟು ಘಟ್ಟ ಹತ್ತಿ ಬರಲಿಲ್ಲವೆಂದು ನಿಮಗೆ ಅಚ್ಚರಿಯೂ ಆಯಿತಂತೆ. ಖಾಲಿ ಕುರ್ಚಿಗಳ ಫೋಟೊ ಚೆಂದ ಬರುವುದಿಲ್ಲವಲ್ಲ; ನಮ್ಮ ಮಹಿಳಾ ಸಂಘವನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಹೋದಿರಿ. ಸಮುದ್ರವನ್ನೇ ಕಾಣದವರೆಲ್ಲ ಅದರ ಉದ್ಧಾರಕ್ಕೆ ಕೈ ಎತ್ತಿ ಬಂದೆವು.

ಅಷ್ಟಕ್ಕೇ ಬಿಟ್ಟಿದ್ದರೆ ಊಟ ಮಾಡಿ ಮರೆಯುತ್ತಿದ್ದೆವು. ಆದರೆ ನಿಮಗೆ ಸ್ಥಳೀಯ ಸಂಸ್ಕೃತಿಯ ಮೇಲೆ ಅಕ್ಕರೆ ಉಕ್ಕಿತು. ಅಕ್ಕಿ, ಕುಬಸದ ಖಣದ ಜೊತೆ ಒಂದೊಂದು ಸಸಿ ಇಟ್ಟು ಉಡಿ ತುಂಬಿಸಿದಿರಿ. “ಉಪ್ಪುನೀರೇ ಇದರ ತಾಯಿಹಾಲು” ಎಂದು ಭಾಷಣವನ್ನೂ ಬಿಗಿದಿರಿ. ಉಡಿಗೆ ಬಿದ್ದದ್ದನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಎಸೆಯುವುದಿಲ್ಲವೆಂದು ನಿಮಗೆ ಯಾರೂ ಹೇಳಲಿಲ್ಲವೇ?

ನಮ್ಮ ಸಸಿಗಳೆಲ್ಲ ತಾವಾಗಿ ಒಣಗಿ ನಮ್ಮನ್ನು ಪಾರುಮಾಡಿದವು. ಶಿವಲಿಂಗವ್ವ ಮಾತ್ರ ನಿಮ್ಮ ಮಾತು ನಂಬಿದಳು. ಸಂತೆಯಲ್ಲಿ ಸೊಪ್ಪು ಮಾರಿ ಬದುಕುವ ಹೆಂಗಸು, ಮೆಂತ್ಯ-ರಾಜಗಿರಿ ಮಡಿಗಳ ನಡುವೆ ಸಸಿ ನೆಟ್ಟು ದಿನಾ ಕೊಡದಲ್ಲಿ ಹರಳುಪ್ಪು ಕದಡಿ ಹೊಯ್ದಳು. ಸಸಿ ಚಿಗುರಿತು. ಪಕ್ಕದ ಮಡಿಗಳು ಸುಟ್ಟುಹೋದವು.

“ಕಿತ್ತ ಒಗಿ, ಯವ್ವಾ” ಎಂದೆ.

“ಉಡ್ಯಾಗ ಹಾಕ್ಯಾರ್ರೀ ಅಕ್ಕೋರ, ಹೆಂಗ ಒಗೀಲಿ? ಕೂಸಿದ್ದಂಗ ಐತಿ” ಎಂದಳು.

ಈಗ ಸಂತೆಯ ದಿನ ಅವಳ ಬುಟ್ಟಿ ಅರ್ಧವೂ ತುಂಬುವುದಿಲ್ಲ. ನಿಮ್ಮ ಕಚೇರಿಗೆ ಫೋನು ಮಾಡಿದರೆ ಸಿಕ್ಕ ಉತ್ತರ ಇದು: “ಸಸಿ ಜೀವಂತ ಐತೇನ್ರಿ ಮೇಡಂ? ಹಂಗಾದ್ರ ಯೋಜನಾ ಯಶಸ್ವಿ ಆತಲ್ರಿ!” ಅಭಿನಂದನೆಗೆ ಧನ್ಯವಾದಗಳು.

ಮುಂದಿನ ಸಭೆಯನ್ನು ಅಳಿವೆಯ ದಂಡೆಯಲ್ಲೇ, ದೋಣಿಗಳು ಮರಳಿದ ಮೇಲೆ ಕರೆಯಿರಿ. ಅಲ್ಲಿಯವರು ಮಾತಾಡಲಿ, ನೀವು ಕೇಳಿರಿ. ಶಿವಲಿಂಗವ್ವನ ಮಡಿಗಳಿಗೆ ಹೊಸ ಮಣ್ಣು ಹಾಕಿಸಿರಿ. ಅವಳನ್ನೂ ಸಸಿಯನ್ನೂ ಕಾರವಾರಕ್ಕೆ ಕರೆದೊಯ್ಯಿರಿ. ತನ್ನ ಕೈಯಾರೆ ನೆಡದೆ ಅವಳು ಬಿಡುವವಳಲ್ಲ.

ಬೇಗ ಬನ್ನಿ. ಉಳಿದಿದ್ದ ಒಂದೇ ಮಡಿಯ ಮೆಂತ್ಯವನ್ನೂ ನಿನ್ನೆ ಅವಳೇ ಕಿತ್ತುಹಾಕಿದಳು. ಯಾಕೆಂದು ಕೇಳಿದರೆ, “ಸಸಿ ಬೇರ ಬಿಟ್ಟೈತ್ರಿ ಅಕ್ಕೋರ, ಅದಕ್ಕ ಜಾಗಾ ಸಾಲವಲ್ದು” ಎಂದಳು.

ಇಂತಿ,
ನಿಮ್ಮ ಕೃಪೆಯಿಂದ ಕರಾವಳಿಯ ಪ್ರಜೆಯಾದ
ಕೇತಕಿ, ಶಾಲಾ ಶಿಕ್ಷಕಿ, ಖಾನಾಪುರ